ಔಟರ್ ರಿಂಗ್ ರೋಡಿನ ಜಾಮ್‌ಗೆ ಕಾರ್‌ಪೂಲಿಂಗ್ ಎಷ್ಟರ ಮಟ್ಟಿಗೆ ಮದ್ದು?

2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವಿಪ್ರೊದ ಅಜೀಂ ಪ್ರೇಮ್‌ಜಿ ಅವರಿಗೆ ಪತ್ರ ಬರೆದರು. ಬೆಂಗಳೂರಿನ ಸರ್ಜಾಪುರ ರಸ್ತೆಯ ವಿಪ್ರೊ ಆವರಣದೊಳಗಿಂದ ಒಂದಷ್ಟು ವಾಹನಗಳನ್ನು ಹಾಯಲು ಬಿಟ್ಟರೆ ಔಟರ್ ರಿಂಗ್ ರೋಡಿನ ಇಬ್ಬಲೂರಿನ ಆಸುಪಾಸಿನ ದಟ್ಟಣೆ ಶೇ 30ರಷ್ಟು ಇಳಿಯಬಹುದು ಎಂಬ ಅಂದಾಜು ಅದರಲ್ಲಿತ್ತು. ಅದು ಖಾಸಗಿ ಜಾಗ, ಜೊತೆಗೆ ವಿಶೇಷ ಆರ್ಥಿಕ ವಲಯದ ಕಟ್ಟುಪಾಡುಗಳಿವೆ ಎಂಬ ಕಾರಣ ಕೊಟ್ಟು ಪ್ರೇಮ್‌ಜಿ ಒಪ್ಪಲಿಲ್ಲ. ಅದೇ ತಿಂಗಳು ಬೆಳ್ಳಂದೂರಿನ ಕಂಪನಿಯೊಂದರ ಮುಖ್ಯಸ್ಥರು, ನಮ್ಮ ನೌಕರರಿಗೆ ಒಂದು ಕಡೆಯ ಪ್ರಯಾಣಕ್ಕೇ ಒಂದೂವರೆ ಗಂಟೆ ಹಿಡಿಯುತ್ತಿದೆ, ಇಲ್ಲಿಂದ ಜಾಗ ಖಾಲಿ ಮಾಡುತ್ತೇವೆ ಎಂದು ಬಹಿರಂಗವಾಗಿ ಬರೆದರು. ಔಟರ್ ರಿಂಗ್ ರೋಡಿನಲ್ಲಿ ಒಬ್ಬರೇ ಕೂತು ಓಡಿಸುವ ಕಾರಿಗೆ ದಟ್ಟಣೆ ತೆರಿಗೆ ಹಾಕುತ್ತಾರಂತೆ ಎಂಬ ಸುದ್ದಿಯೂ ಆಗಲೇ ಹಬ್ಬಿತು. ಅಂಥ ಪ್ರಸ್ತಾವವೇ ಇಲ್ಲವೆಂದು ಸರ್ಕಾರ ಹೇಳಿದ ಮೇಲೆ ತಣ್ಣಗಾಯಿತು.

ಇಂಥ ಚರ್ಚೆ ಎದ್ದಾಗಲೆಲ್ಲ ತಪ್ಪದೆ ಕೇಳಿಬರುವ ಸಲಹೆ ಕಾರ್‌ಪೂಲಿಂಗ್. ಪಕ್ಕದ ಅಪಾರ್ಟ್‌ಮೆಂಟಿನಿಂದ ಪಕ್ಕದ ಟೆಕ್ ಪಾರ್ಕಿಗೆ ಮೂವರು ಮೂರು ಕಾರಿನಲ್ಲಿ ಹೋಗುವ ಬದಲು ಒಂದರಲ್ಲಿ ಹೋದರಾಯಿತು ಎಂಬ ಮಾತಿನಲ್ಲಿ ತಪ್ಪೇನಿಲ್ಲ. ಅದಕ್ಕೆಂದೇ ಇರುವ ಕ್ವಿಕ್ ರೈಡ್ ಆ್ಯಪ್ ಬೆಂಗಳೂರಿನಲ್ಲೇ 2015ರಲ್ಲಿ ಹುಟ್ಟಿತು. ಅಂದರೆ ಒಳ್ಳೆಯ ಸಲಹೆಯೂ ಇದೆ, ಸಾಧನವೂ ಇದೆ. ಆದರೂ ಬೆಳಗಿನ ಒಂಬತ್ತೂವರೆಗೆ ಮಾರತ್ತಹಳ್ಳಿ ಸೇತುವೆಯ ಮೇಲೆ ನಿಂತು ನೋಡಿದರೆ ಬಹುಪಾಲು ಕಾರುಗಳಲ್ಲಿ ಕಾಣುವುದು ಒಂದೇ ತಲೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಕಾರ್‌ಪೂಲಿಂಗ್‌ಗೆ ಸಲ್ಲುವ ಕೆಲಸ ಸಣ್ಣದು, ಆದರೆ ನಿಜವಾದದ್ದು. ಅದನ್ನು ರಸ್ತೆಯ ಮೇಲೆ ಪೊಲೀಸರಿಂದ ಮಾಡಿಸಲಾಗದು, ಮನವಿಯಿಂದಲೂ ಆಗದು. ಕಂಪನಿಯ ಪಾರ್ಕಿಂಗ್ ಗೇಟಿನಲ್ಲಿ ಮಾತ್ರ ಅದನ್ನು ಆಗುಮಾಡಬಹುದು.

ಶೇ 5ರ ಬೆಲೆ

ವಾಹನಗಳ ಸಂಖ್ಯೆ ಏರಿದಷ್ಟೇ ಪ್ರಮಾಣದಲ್ಲಿ ಜಾಮ್ ಏರುವುದಿಲ್ಲ. ಒಂದು ಮಿತಿಯವರೆಗೆ ರಸ್ತೆ ಸುಮ್ಮನೆ ತಾಳಿಕೊಳ್ಳುತ್ತದೆ, ಆಮೇಲೆ ಕ್ಯೂ ಒಂದೇ ಸಮನೆ ಬೆಳೆಯುತ್ತದೆ. ಸರ್ಜಾಪುರ ರಸ್ತೆ ಬಂದು ಸೇರುವ ಇಬ್ಬಲೂರಿನಂಥ ಒಂದು ಜಂಕ್ಷನ್ ಗಂಟೆಗೆ 5,000 ವಾಹನಗಳನ್ನು ದಾಟಿಸಬಲ್ಲದು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಗಂಟೆಗೆ 5,500 ಬಂದರೆ, ಗಂಟೆಗೆ 500 ವಾಹನ ಹಿಂದುಳಿಯುತ್ತವೆ. ಹತ್ತೂವರೆಯ ಹೊತ್ತಿಗೆ ಸಾಲಿನಲ್ಲಿ 1,000 ವಾಹನ. ಕೊನೆಗೆ ಬಂದು ಸೇರಿದವರು ಅಲ್ಲೇ 12 ನಿಮಿಷ ನಿಲ್ಲಬೇಕು. ಈಗ ಬರುವ ವಾಹನಗಳಲ್ಲಿ ಶೇ 5ರಷ್ಟು ಮಾತ್ರ ಕಡಿಮೆ ಮಾಡಿ. ಗಂಟೆಗೆ 5,225 ಬರುತ್ತವೆ, 225 ಉಳಿಯುತ್ತವೆ, ಹತ್ತೂವರೆಗೆ ಸಾಲಿನಲ್ಲಿರುವುದು 450. ಕಾಯುವ ಸಮಯ 5 ನಿಮಿಷ 24 ಸೆಕೆಂಡ್. ವಾಹನ ಶೇ 5 ಇಳಿದರೆ ಕಾಯುವುದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ.ನಲ್ಲಿ ಇಂಥ ಇಕ್ಕಟ್ಟು ಒಂದಲ್ಲ, ಹಲವು. ಒಂದೊಂದರಲ್ಲೂ ಉಳಿದ ನಿಮಿಷಗಳು ಕೂಡುತ್ತವೆ.

ದಸರಾ ಮತ್ತು ಬೇಸಿಗೆ ರಜೆಗಳಲ್ಲಿ ಇದೇ ನಗರದಲ್ಲಿ ಓಡಾಟ ಎದ್ದುಕಾಣುವಷ್ಟು ಸಲೀಸಾಗುವುದು ಈ ಕಾರಣಕ್ಕೇ. ಶಾಲೆಯ ಬಸ್ಸು, ವ್ಯಾನು, ಮಕ್ಕಳನ್ನು ಬಿಟ್ಟುಬರುವ ಸ್ಕೂಟರುಗಳು ಒಟ್ಟು ವಾಹನಗಳಲ್ಲಿ ಸಣ್ಣ ಪಾಲು. ಅಷ್ಟು ಕಳಚಿದರೆ ಸಾಕು, ಜಂಕ್ಷನ್ ಮಿತಿಯೊಳಗೆ ಬರುತ್ತದೆ. ಹಾಗಾಗಿ ‘ನಾಲ್ಕು ಜನ ಕಾರು ಬಿಟ್ಟರೆ ಏನಾದೀತು’ ಎನ್ನುವವರ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಆದರೆ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಮಾರತ್ತಹಳ್ಳಿ ಸಲೀಸಾಗಿದೆ ಎಂಬ ಸುದ್ದಿ ಗೂಗಲ್ ಮ್ಯಾಪ್‌ನಲ್ಲಿ ಹಸಿರು ಗೆರೆಯಾಗಿ ಕಾಣಿಸಿಕೊಳ್ಳಲು ಅರ್ಧ ಗಂಟೆ ಬೇಡ. ಜಾಮ್‌ಗೆ ಹೆದರಿ ಏಳಕ್ಕೇ ಹೊರಡುತ್ತಿದ್ದವರು ಎಂಟೂವರೆಗೆ ಹೊರಡುತ್ತಾರೆ. ಪಣತ್ತೂರಿನ ಒಳರಸ್ತೆ ಹಿಡಿಯುತ್ತಿದ್ದವರು ಮುಖ್ಯರಸ್ತೆಗೆ ಬರುತ್ತಾರೆ. ಬಸ್ಸಿಗೆ ಹೋಗುತ್ತಿದ್ದವರಲ್ಲಿ ಕೆಲವರು ಕಾರು ತೆಗೆಯುತ್ತಾರೆ. ಖಾಲಿಯಾದ ಜಾಗ ತುಂಬಿಕೊಳ್ಳುತ್ತದೆ. ಹೊಸ ಮೇಲ್ಸೇತುವೆಗಳಿಗೂ ಇದೇ ಗತಿ: ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕರ್ ಮೇಲ್ಸೇತುವೆ 2024ರ ಜುಲೈನಲ್ಲಿ ತೆರೆದಾಗ ಆ ತುಣುಕು ಹಗುರಾಯಿತು, ಮುಂದಿನ ಇಕ್ಕಟ್ಟುಗಳು ಇದ್ದಲ್ಲೇ ಇದ್ದವು. ಟಾಮ್‌ಟಾಮ್ ಸಂಸ್ಥೆಯ 2024ರ ಸೂಚ್ಯಂಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಕಾರ್‌ಪೂಲಿಂಗ್‌ನಿಂದ ಉಳಿದ ಜಾಗ ಉಳಿದೇ ಇರಬೇಕಾದರೆ ಅದನ್ನು ಬಸ್ಸಿಗೋ ಪಾದಚಾರಿಗೋ ಕೂಡಲೇ ಬರೆದುಕೊಡಬೇಕು.

ಯಾರು ಹತ್ತುತ್ತಾರೆ ಎಂಬುದೇ ಮುಖ್ಯ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಗರ ರಸ್ತೆ ಮಾರ್ಗಸೂಚಿ (ಐಆರ್‌ಸಿ 106) ಪ್ರತಿ ವಾಹನ ನುಂಗುವ ರಸ್ತೆ ಜಾಗವನ್ನು ಕಾರಿಗೆ ಹೋಲಿಸಿ ಅಳೆಯುತ್ತದೆ. ಕಾರು 1 ಆದರೆ, ಅವುಗಳ ಸಂಖ್ಯೆ ಹೆಚ್ಚಿರುವ ರಸ್ತೆಯಲ್ಲಿ ದ್ವಿಚಕ್ರ ವಾಹನ 0.75, ಬಸ್ಸು 3.7. ತಲಾ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಒಬ್ಬರೇ ಇರುವ ಕಾರಿನಲ್ಲಿ ತಲೆಗೆ 1. ಒಬ್ಬರೇ ಇರುವ ಬೈಕಿನಲ್ಲಿ 0.75, ಮೂವರ ಕಾರಿನಲ್ಲಿ 0.33, ಐವತ್ತು ಜನರ ಬಸ್ಸಿನಲ್ಲಿ 0.07.

ಇದರಿಂದ ಹೊರಡುವ ಮಾತು ಕಾರ್‌ಪೂಲ್ ಪ್ರಚಾರದಲ್ಲಿ ಎಲ್ಲೂ ಕಾಣುವುದಿಲ್ಲ. ಮೂರು ಕಾರುಗಳ ಮೂವರು ಒಂದು ಕಾರಿಗೆ ಬಂದರೆ ರಸ್ತೆಗೆ 2 ಕಾರಿನ ಜಾಗ ಉಳಿಯುತ್ತದೆ. ಮೂವರು ಬೈಕಿನವರು ಬಂದರೆ ಉಳಿತಾಯ 1.25. ಬಿಎಂಟಿಸಿಯ ಎಸಿ ವಜ್ರ ಬಸ್ಸಿನಲ್ಲಿ ಹೋಗುತ್ತಿದ್ದ ಮೂವರು ಸೇರಿ ಒಂದು ಕಾರು ತೆಗೆದರೆ ರಸ್ತೆಗೆ ನಷ್ಟ. ಆ್ಯಪ್ ಮೂಲಕ ಸೀಟು ಹುಡುಕುವವರಲ್ಲಿ ಕಾರು ಇರುವವರಿಗಿಂತ ಬಸ್ಸು, ಕ್ಯಾಬಿನಿಂದ ಬರುವವರೇ ಹೆಚ್ಚಿದ್ದರೆ, ಆ್ಯಪ್‌ನ ಪರದೆಯ ಮೇಲೆ ‘ಉಳಿಸಿದ ಇಂಗಾಲ’ದ ಅಂಕಿ ಏರುತ್ತದೆ, ರಸ್ತೆಯಲ್ಲಿ ಒಂದು ಕಾರೂ ಇಳಿದಿರುವುದಿಲ್ಲ. ಯಾವ ಯೋಜನೆಯನ್ನು ಅಳೆಯುವಾಗಲೂ ಕೇಳಬೇಕಾದದ್ದು ಎಷ್ಟು ಜನ ಸೇರಿದರು ಎಂದಲ್ಲ, ಎಷ್ಟು ಜನ ತಮ್ಮ ಕಾರನ್ನು ಮನೆಯಲ್ಲಿ ಬಿಟ್ಟರು ಎಂದು.

ಎಷ್ಟು ಇಳಿಯಬಹುದು? ಒಬ್ಬರೇ ಓಡಿಸುವ 100 ಕಾರುಗಳಲ್ಲಿ 10 ಮಂದಿ ಒಪ್ಪಿ ಮೂವರಂತೆ ಗುಂಪಾದರೆ ಸುಮಾರು 7 ಕಾರು ಕಡಿಮೆ. ಪೀಕ್ ಹೊತ್ತಿನ ರಸ್ತೆ ಜಾಗದಲ್ಲಿ ಖಾಸಗಿ ಕಾರುಗಳದು ಅರ್ಧ ಪಾಲು ಎಂದು ಹಿಡಿದರೆ ಒಟ್ಟಾರೆ ಇಳಿಕೆ ಶೇ 3.5. ಮೂವತ್ತು ಮಂದಿ ಒಪ್ಪಿದರೆ ಶೇ 10. ಮೊದಲನೆಯದನ್ನು ನಿರೀಕ್ಷಿಸಬಹುದು, ಎರಡನೆಯದು ಬರೀ ಒಳ್ಳೆಯ ಮನಸ್ಸಿನಿಂದ ಆಗುವುದಲ್ಲ. ಮೇಲಿನ ಜಂಕ್ಷನ್ ಲೆಕ್ಕದಲ್ಲಿ ಶೇ 3.5 ಕೂಡ ಕ್ಯೂವನ್ನು 1,000ದಿಂದ 615ಕ್ಕೆ ಇಳಿಸುತ್ತದೆ. ಕೈಬಿಡುವಂಥದ್ದಲ್ಲ ಅದು.

ಜಕಾರ್ತಾದ ಪಾಠ

ರಸ್ತೆಯ ಮೇಲೆಯೇ ನಿಯಮ ಹೇರಿದ ದೊಡ್ಡ ಪ್ರಯೋಗ ಇಂಡೊನೇಷ್ಯಾದ ಜಕಾರ್ತಾದ್ದು. 1992ರಿಂದ ಅಲ್ಲಿನ ಕೆಲವು ಮುಖ್ಯರಸ್ತೆಗಳಲ್ಲಿ ಪೀಕ್ ಹೊತ್ತಿನಲ್ಲಿ ಕಾರಿನಲ್ಲಿ ಮೂವರಿರಲೇಬೇಕಿತ್ತು. ಬಡವರು ಆ ರಸ್ತೆಗಳ ಬಾಯಲ್ಲಿ ಸಾಲುಗಟ್ಟಿ ನಿಂತು, ದುಡ್ಡು ಪಡೆದು, ಕಾರಿನಲ್ಲಿ ಕೂತು ಲೆಕ್ಕ ತುಂಬಿಸುತ್ತಿದ್ದರು. ಅವರಿಗೆ ‘ಜಾಕಿ’ ಎಂದೇ ಹೆಸರು. ಎರಡು ತಲೆಯ ಲೆಕ್ಕ ಸಿಗಲೆಂದು ಕಂಕುಳಲ್ಲಿ ಕೂಸು ಹೊತ್ತ ತಾಯಂದಿರೂ ಅದರಲ್ಲಿದ್ದರು. ಮಕ್ಕಳ ಶೋಷಣೆಯ ಪ್ರಶ್ನೆ ಎದ್ದು 2016ರಲ್ಲಿ ಸರ್ಕಾರ ನಿಯಮವನ್ನೇ ಕೈಬಿಟ್ಟಿತು. ಹೇಗೂ ಎಲ್ಲರೂ ಮೋಸ ಮಾಡುತ್ತಿದ್ದರು, ತೆಗೆದರೇನು ವ್ಯತ್ಯಾಸ ಎಂಬುದು ಜನರ ಎಣಿಕೆಯಾಗಿತ್ತು. ಸಂಶೋಧಕರು ಗೂಗಲ್ ಮ್ಯಾಪ್‌ನ ಪ್ರಯಾಣ ಸಮಯಗಳನ್ನು ತೆಗೆದು ನೋಡಿದಾಗ ಬೆಳಗಿನ ವಿಳಂಬ ಶೇ 46, ಸಂಜೆಯದು ಶೇ 87 ಏರಿತ್ತು. ನಿಯಮ ಇಲ್ಲದಿದ್ದ ರಸ್ತೆಗಳೂ ಕೆಟ್ಟವು.

ಇದರಲ್ಲಿ ಎರಡು ಪಾಠಗಳಿವೆ. ಅರೆಬರೆ ಪಾಲನೆಯಾದರೂ ನಿಯಮ ಕೆಲಸ ಮಾಡುತ್ತಿತ್ತು. ಕಾರಿನಲ್ಲಿ ಹೆಚ್ಚು ಜನ ಕೂತರೆ ರಸ್ತೆಗೆ ನಿಜಕ್ಕೂ ಉಪಯೋಗವಿದೆ. ಇನ್ನೊಂದು, ರಸ್ತೆಯ ಮೇಲೆ ತಲೆ ಎಣಿಸಲು ಹೊರಟರೆ ಮೋಸಕ್ಕೊಂದು ಪೇಟೆಯೇ ಹುಟ್ಟುತ್ತದೆ. ಬೆಂಗಳೂರಿನಲ್ಲಿ ಎಣಿಸುವುದಾದರೂ ಹೇಗೆ? ಹಿಂದಿನ ಸೀಟಿನಲ್ಲಿ ಕೂತವರು ಕ್ಯಾಮೆರಾಗೆ ಸಿಗುವುದಿಲ್ಲ. ಪೊಲೀಸರು ಅಡ್ಡಹಾಕಿ ಎಣಿಸಿದರೆ ಅದೇ ಹೊಸ ಜಾಮ್.

ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತ 1970ರ ದಶಕದಿಂದ ಅಪರಿಚಿತರೇ ದುಡ್ಡಿಲ್ಲದೆ ಒಬ್ಬರ ಕಾರಿಗೆ ಒಬ್ಬರು ಹತ್ತುವ ಪದ್ಧತಿ ಇದೆಯಲ್ಲ ಎನ್ನಬಹುದು. ಅಲ್ಲಿ ಅದು ನಡೆದದ್ದು ಮೂವರಿರುವ ಕಾರಿಗೇ ಮೀಸಲಾದ, ಉಳಿದ ಲೇನುಗಳಿಂದ ಬೇರ್ಪಟ್ಟ ಹೆದ್ದಾರಿ ಲೇನು ಇದ್ದುದರಿಂದ. ಓಡಿಸುವವರಿಗೆ ಕಣ್ಣೆದುರೇ ಸಮಯ ಉಳಿಯುತ್ತಿತ್ತು. ನಮ್ಮ ಔಟರ್ ರಿಂಗ್ ರೋಡಿನಲ್ಲಿ ಅಷ್ಟಷ್ಟು ದೂರಕ್ಕೇ ಸರ್ವಿಸ್ ರಸ್ತೆಗೆ ಇಳಿಯುವ, ಏರುವ ಬಾಯಿಗಳಿವೆ. 2019ರ ಅಕ್ಟೋಬರಿನಲ್ಲಿ ಬಸ್ಸಿಗೆಂದು ಗೂಟ ನೆಟ್ಟು ಮಾಡಿದ ಆದ್ಯತಾ ಲೇನೇ ಕೋವಿಡ್ ಮತ್ತು ಮೆಟ್ರೊ ಕಾಮಗಾರಿಯ ನಡುವೆ ಉಳಿಯಲಿಲ್ಲ. ಮತ್ತೆ ಒಂದು ಲೇನು ಬಿಡಿಸಿಕೊಳ್ಳುವ ಶಕ್ತಿ ಇದ್ದರೆ ಅದು ಬಸ್ಸಿಗೇ ಸಲ್ಲಬೇಕು, ತಲೆಗೆ 0.07 ಮತ್ತು 0.33ರ ನಡುವೆ ಆಯ್ಕೆ ಕಷ್ಟದ್ದಲ್ಲ.

ಗುಂಪು ಮುರಿಯುವುದು ಎಲ್ಲಿ

ಉತ್ಸಾಹದಿಂದ ಶುರುವಾದ ಕಾರ್‌ಪೂಲುಗಳು ಒಂದೆರಡು ತಿಂಗಳಲ್ಲಿ ಚದುರುವುದಕ್ಕೆ ಜನರ ಸ್ವಭಾವವನ್ನು ದೂರುವುದು ವಾಡಿಕೆ. ಹೆಚ್ಚಿನ ಸಲ ಕಾರಣ ಗಣಿತದಲ್ಲಿದೆ.

ಬನಶಂಕರಿಯಿಂದ ಬೆಳ್ಳಂದೂರಿಗೆ 18 ಕಿ.ಮೀ. ಎಂದುಕೊಳ್ಳಿ. ಈ ದಟ್ಟಣೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 11 ಕಿ.ಮೀ. ಕೊಟ್ಟರೆ, ಲೀಟರಿಗೆ 103 ರೂಪಾಯಿಯಂತೆ ಒಂದು ಕಡೆಗೆ ಸುಮಾರು 170 ರೂಪಾಯಿ, ಹೋಗಿಬರಲು 340. ವಾರಕ್ಕೆ ಮೂರು ದಿನ ಕಚೇರಿ ಎಂದರೆ ತಿಂಗಳಿಗೆ 12 ದಿನ, 4,080 ರೂಪಾಯಿ. ಮೂವರು ಹಂಚಿಕೊಂಡರೆ ತಲಾ 1,360. ಉಳಿತಾಯ 2,720. ಈಗ ಸಮಯ. ಒಬ್ಬೊಬ್ಬರನ್ನು ಮನೆ ಬಾಗಿಲಲ್ಲಿ ಹತ್ತಿಸಿಕೊಳ್ಳಲು ಒಂದೂವರೆ ಕಿ.ಮೀ. ಸುತ್ತು ಎಂದರೆ ಗಂಟೆಗೆ 15 ಕಿ.ಮೀ. ವೇಗದಲ್ಲಿ 6 ನಿಮಿಷ, ಕಾಯುವುದು 4 ನಿಮಿಷ. ಇಬ್ಬರಿಗೆ 20 ನಿಮಿಷ, ಸಂಜೆಯದೂ ಸೇರಿದರೆ ದಿನಕ್ಕೆ 40. ತಿಂಗಳಿಗೆ 8 ಗಂಟೆ. ಅಂದರೆ ಒಂದು ಗಂಟೆಯನ್ನು 340 ರೂಪಾಯಿಗೆ ಮಾರಿದಂತೆ. ಆ ರಸ್ತೆಯಲ್ಲಿ ಕಾರು ಓಡಿಸುವ ಸಂಬಳದವರಿಗೆ ಇದು ಆಸೆ ಹುಟ್ಟಿಸುವ ವ್ಯಾಪಾರವಲ್ಲ. ‘ಪೆಟ್ರೋಲ್ ಉಳಿಸಿ’ ಎಂಬ ಪ್ರಚಾರ ಸೋಲುವುದು ಇಲ್ಲೇ. ಜನ ನಿಜವಾಗಿ ಬಯಸುವುದು ಮೂರು ದಿನದಲ್ಲಿ ಎರಡು ದಿನ ಕ್ಲಚ್ ಒತ್ತದೆ, ಕಣ್ಣು ಮುಚ್ಚಿ ಕೂತು ಹೋಗುವ ಆರಾಮ. ಸುತ್ತಿನ ಸಮಯ ತೆಗೆದುಹಾಕಿದರೆ ಮಾತ್ರ ಆ ಆರಾಮ ಅಗ್ಗವಾಗುತ್ತದೆ.

ಅದಕ್ಕೆ ಒಂದೇ ನಿಯಮ: ಕಾರು ತಿರುಗಬಾರದು, ಜನ ನಡೆಯಬೇಕು. ಹತ್ತುವ ಜಾಗ ಕಾರು ಹೋಗುವ ದಾರಿಯ ಎಡಬದಿಯಲ್ಲೇ ಇರಬೇಕು. ರಸ್ತೆಯ ಆಚೆ ಬದಿಯವರು ಸ್ಕೈವಾಕ್ ಹತ್ತಿ ಐದು ನಿಮಿಷದಲ್ಲಿ ಈಚೆ ಬರಬಹುದು. ಅವರಿಗಾಗಿ ಕಾರು ಯು-ಟರ್ನ್ ಹೊಡೆದು ಬರಲು ಪೀಕ್ ಹೊತ್ತಿನಲ್ಲಿ ಅದರ ಎರಡರಷ್ಟು, ಮೂರರಷ್ಟು ಸಮಯ ಬೇಕು. ಬಸ್ ನಿಲ್ದಾಣದ ಮುಂದೆ ನಿಲ್ಲಿಸಿ ಹತ್ತಿಸಿಕೊಳ್ಳುವುದು ಬಹಳ ಕಡೆ ರೂಢಿಯಾಗಿದೆ, ಅದನ್ನು ಬಿಡಲೇಬೇಕು. ಒಂದು ಕಾರು ಅರ್ಧ ನಿಮಿಷ ನಿಂತರೆ ಹಿಂದಿನ 500-ಡಿ ಬಸ್ಸು ಎರಡನೇ ಲೇನಿನಲ್ಲೇ ನಿಂತು ಜನರನ್ನು ಇಳಿಸುತ್ತದೆ, ಆ ಇಡೀ ರಸ್ತೆ ನಿಲ್ಲುತ್ತದೆ. ಅಪಾರ್ಟ್‌ಮೆಂಟಿನ ಗೇಟು, ಸರ್ವಿಸ್ ರಸ್ತೆ, ಮೆಟ್ರೊ ನಿಲ್ದಾಣದಲ್ಲಿ ಇಳಿಸಿಹೋಗಲು ಮಾಡಿದ ಜಾಗ ಇವು ಸರಿಯಾದವು.

ಮಿಶ್ರ ಹಾಜರಾತಿ, ಅಂದರೆ ವಾರಕ್ಕೆ ಮೂರು ದಿನ ಕಚೇರಿ, ಇನ್ನೊಂದು ತೊಡಕು. ಐದರಲ್ಲಿ ಯಾವುದೋ ಮೂರು ದಿನವನ್ನು ಒಬ್ಬೊಬ್ಬರು ತಮಗೆ ಬೇಕಾದಂತೆ ಆರಿಸಿಕೊಂಡರೆ, ಇಬ್ಬರ ದಿನಗಳು ಸರಾಸರಿ 1.8 ದಿನ ಮಾತ್ರ ಕೂಡುತ್ತವೆ, ಮೂವರದು ವಾರಕ್ಕೆ ಒಂದೇ ದಿನ. ಎಲ್ಲರೂ ಮಂಗಳ, ಬುಧ, ಗುರುವಾರ ಬಂದರೆ ಗುಂಪು ಕೂಡುತ್ತದೆ, ಆದರೆ ವಾರದ ನಡುವೆ ರಸ್ತೆ ಸಿಡಿಯುತ್ತದೆ. ಬುಧವಾರದ ದಟ್ಟಣೆ ನೋಡಿ 2025ರಲ್ಲಿ ಸಂಚಾರ ಪೊಲೀಸರು ಈ ರಸ್ತೆಯ ಕಂಪನಿಗಳಿಗೆ ಆ ದಿನ ಮನೆಯಿಂದ ಕೆಲಸ ಕೊಡಿ, ಪಾಳಿಯ ಸಮಯ ಬದಲಿಸಿ ಎಂದು ಕೇಳಿಕೊಂಡಿದ್ದರು. ಎರಡನ್ನೂ ಹೊಂದಿಸುವ ದಾರಿ ಎಂದರೆ ತಂಡದ ಮೇಲೆ ಅಲ್ಲದೆ ಬರುವ ದಿಕ್ಕಿನ ಮೇಲೂ ದಿನ ಹಂಚುವುದು: ಕನಕಪುರ ರಸ್ತೆ ಕಡೆಯವರಿಗೆ ಸೋಮ-ಮಂಗಳ-ಗುರು, ಹೆಬ್ಬಾಳ ಕಡೆಯವರಿಗೆ ಮಂಗಳ-ಬುಧ-ಶುಕ್ರ. ತಂಡದವರೆಲ್ಲ ಸಿಗಲು ಮಂಗಳವಾರ ಉಳಿಯುತ್ತದೆ. ವ್ಯವಸ್ಥಾಪಕರು ಮೊದಮೊದಲು ಗೊಣಗುತ್ತಾರೆ. ಆದರೂ ಮಾಡತಕ್ಕದ್ದೇ.

ಬೆಳಿಗ್ಗೆ ಒಟ್ಟಿಗೆ ಹೊರಡುವುದು ಸುಲಭ, ಸಂಜೆ ಅಲ್ಲ. ಒಬ್ಬರಿಗೆ ಏಳಕ್ಕೆ ಮೀಟಿಂಗು, ಇನ್ನೊಬ್ಬರ ಮಗುವಿಗೆ ಜ್ವರ. ಹೋಗಿಬರುವ ಎರಡನ್ನೂ ಒಂದೇ ಗುಂಪಿಗೆ ಕಟ್ಟಿದರೆ ಆ ಗುಂಪು ಒಡೆಯುತ್ತದೆ. ಬೆಳಗಿನದು ಒಂದು ಗುಂಪು, ಸಂಜೆಯದು ಅದೇ ಕಚೇರಿಯಿಂದ ಅದೇ ದಿಕ್ಕಿಗೆ ಹೋಗುವ ಯಾವ ಕಾರಾದರೂ ಸರಿ ಎಂದು ಬಿಡಿಸಿಟ್ಟರೆ ಬಾಳುತ್ತದೆ. ಯಾರೂ ಸಿಗದ ದಿನಕ್ಕೆ ಕಂಪನಿಯೇ ಕ್ಯಾಬಿನ ದುಡ್ಡು ಕೊಡಬೇಕು. ತಿಂಗಳಿಗೆ ಒಂದು ಸಲ ಎಂದು ಮಿತಿ ಇಟ್ಟರೂ ಸಾಕು. ಬಳಸುವವರು ಕಡಿಮೆಯೇ ಇರುತ್ತಾರೆ, ಆದರೆ ‘ಸಿಕ್ಕಿಹಾಕಿಕೊಂಡರೆ?’ ಎಂಬ ಅಂಜಿಕೆ ಹೋಗುತ್ತದೆ. ಮಹಿಳೆಯರಿಗೆ ಇದು ಸೌಕರ್ಯದ ಮಾತಲ್ಲ, ಇದಿಲ್ಲದೆ ಅವರು ಸೇರುವುದೇ ಇಲ್ಲ. ಕಚೇರಿಯ ಇ-ಮೇಲ್‌ನಿಂದ ಗುರುತು ಖಾತ್ರಿಯಾದವರ ಗುಂಪು, ಬೇಕಾದವರಿಗೆ ಮಹಿಳೆಯರದೇ ಗುಂಪು, ಹೊರಟಾಗ ಮನೆಯವರಿಗೆ ಲೊಕೇಶನ್ ಇಷ್ಟು ಇರಬೇಕು. ಉದ್ಯೋಗದಾತರು ಒದಗಿಸಿದ ವಾಹನವೂ ‘ಕೆಲಸದ ಸ್ಥಳ’ ಎಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೇಳುತ್ತದೆ. ಸಹೋದ್ಯೋಗಿಯ ಸ್ವಂತ ಕಾರಿಗೆ ಅದು ತಾನಾಗಿ ಅನ್ವಯಿಸುತ್ತದೆ ಎಂದು ನಂಬಿ ಕೂರದೆ, ಕಂಪನಿ ತನ್ನ ನಿಯಮದಲ್ಲೇ ಕಾರ್‌ಪೂಲ್ ಪ್ರಯಾಣವನ್ನು ಸೇರಿಸಿ ಬರೆಯಬೇಕು.

ಕಾರಿನ ಅಳತೆಯನ್ನೂ ಮರೆಯಬಾರದು. ಸಣ್ಣ ಹ್ಯಾಚ್‌ಬ್ಯಾಕಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಚೀಲದ ಸಮೇತ ಮೂವರು ಒಂದೂವರೆ ಗಂಟೆ ಕೂರುವುದು ಎರಡನೇ ವಾರಕ್ಕೇ ಸಾಕಾಗುತ್ತದೆ. ಕಾರಿಗೆ ಮೂವರು, ಗುಂಪಿನಲ್ಲಿ ನಾಲ್ಕೈದು ಮಂದಿ, ಅವರ ನಡುವೆ ಎರಡು-ಮೂರು ಕಾರು ಎಂಬುದು ತಾಳುವ ಅಳತೆ. ಒಬ್ಬರು ರಜೆ ಹಾಕಿದರೂ ನಡೆಯುತ್ತದೆ. ನಾಳೆ ಬರುವುದಿಲ್ಲ ಎಂಬುದನ್ನು ಹಿಂದಿನ ರಾತ್ರಿ ಒಂಬತ್ತರೊಳಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳಬೇಕು, ಹತ್ತುವ ಜಾಗದಲ್ಲಿ ಮೂರು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲ, ಕಾರಿನಲ್ಲಿ ಸ್ಪೀಕರ್ ಹಾಕಿ ಕಚೇರಿ ಕರೆ ಬೇಡ. ಕೊನೆಯದು ಸಣ್ಣದೆನಿಸಬಹುದು, ಬೇರೆ ಬೇರೆ ಕಂಪನಿಯವರು ಸೇರಿದ ಗುಂಪಿನಲ್ಲಿ ಇದೇ ದೊಡ್ಡ ಜಗಳ.

ಬಿಳಿ ಬೋರ್ಡು, ಕಾನೂನು, ವಿಮೆ

ದುಡ್ಡು ಪಡೆದು ಜನರನ್ನು ಸಾಗಿಸುವ ವಾಹನಕ್ಕೆ ಪರ್ಮಿಟ್ ಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ. ಇಲ್ಲದಿದ್ದರೆ 192ಎ ಕಲಂನಡಿ ದಂಡ 10,000 ರೂಪಾಯಿ. 2023ರ ಸೆಪ್ಟೆಂಬರ್ 11ರಂದು ಖಾಸಗಿ ಸಾರಿಗೆ ಸಂಘಟನೆಗಳು ಬೆಂಗಳೂರಿನಲ್ಲಿ ಬಂದ್ ಮಾಡಿದವು. ಬಿಳಿ ಬೋರ್ಡಿನ ವಾಹನಗಳನ್ನು ಬಾಡಿಗೆಗೆ ಓಡಿಸುವುದರ ವಿರುದ್ಧದ ಸಿಟ್ಟೂ ಅದರಲ್ಲಿತ್ತು. ಅದರ ಬೆನ್ನಿಗೇ ಕಾರ್‌ಪೂಲಿಂಗ್ ನಿಷೇಧವಾಗುತ್ತದೆ ಎಂದು ಸುದ್ದಿಯಾಗಿ, ಅನುಮತಿ ಇಲ್ಲದೆ ಬಿಳಿ ಬೋರ್ಡ್ ಕಾರನ್ನು ವಾಣಿಜ್ಯಕ್ಕೆ ಬಳಸುವುದಷ್ಟೇ ತಪ್ಪು ಎಂದು ಸಾರಿಗೆ ಸಚಿವ ರಾಮಲಿಂಗಾರೆಡ್ಡಿ ಅವರು ಸ್ಪಷ್ಟನೆ ಕೊಡಬೇಕಾಯಿತು. ಟ್ಯಾಕ್ಸಿ ಚಾಲಕರ ದೂರನ್ನು ಹಗುರವಾಗಿ ನೋಡಬಾರದು. ಹಳದಿ ಬೋರ್ಡಿನವರು ತೆರಿಗೆ, ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ), ಹೆಚ್ಚಿನ ವಿಮೆ ಎಲ್ಲ ಕಟ್ಟಿ ದುಡಿಯುವಾಗ, ಆ್ಯಪ್ ಹಾಕಿಕೊಂಡು ದಿನವಿಡೀ ಸೀಟು ಮಾರುವ ಬಿಳಿ ಬೋರ್ಡ್ ಕಾರು ಅವರ ಅನ್ನಕ್ಕೇ ಕೈ ಹಾಕಿದಂತೆ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಆ್ಯಪ್ ಮೂಲಕ ಸವಾರಿ ಒದಗಿಸುವ ಕಂಪನಿಗಳಿಗಾಗಿ ಕೇಂದ್ರ ಮಾಡಿದ 2020ರ ಅಗ್ರಿಗೇಟರ್ ಮಾರ್ಗಸೂಚಿ ಒಂದು ದಾರಿ ತೋರಿಸಿತ್ತು: ರಾಜ್ಯ ಬೇಡವೆನ್ನದಿದ್ದರೆ ಖಾಸಗಿ ಕಾರಿನಲ್ಲಿ ನಗರದೊಳಗೆ ದಿನಕ್ಕೆ ನಾಲ್ಕು, ಊರಿಂದೂರಿಗೆ ವಾರಕ್ಕೆ ಎರಡು ಹಂಚಿಕೆಯ ಪ್ರಯಾಣ ಮಾಡಬಹುದು. 2025ರ ಜುಲೈನಲ್ಲಿ ಅದರ ಜಾಗಕ್ಕೆ ಹೊಸ ಮಾರ್ಗಸೂಚಿ ಬಂತು. ರಾಜ್ಯ ಸರ್ಕಾರ ತನ್ನ ನಿಯಮದಲ್ಲಿ ಸೇರಿಸಬೇಕಾದದ್ದು ಇಷ್ಟೇ: ಖರ್ಚು ಹಂಚಿಕೆ ಬಾಡಿಗೆಯಲ್ಲ, ಖರ್ಚು ಎಂದರೆ ಕಿ.ಮೀ.ಗೆ ಇಷ್ಟು ರೂಪಾಯಿ, ದಿನಕ್ಕೆ ಎರಡು ಪ್ರಯಾಣ, ಅದಕ್ಕಿಂತ ಹೆಚ್ಚು ಪಡೆದರೆ ಪರ್ಮಿಟ್ ಬೇಕು. ಮೇಲಿನ ಲೆಕ್ಕದಲ್ಲಿ ಇಂಧನ ಕಿ.ಮೀ.ಗೆ 9 ರೂಪಾಯಿ 40 ಪೈಸೆಯಷ್ಟಾಗುತ್ತದೆ. ಮೂವರಿಗೆ ಹಂಚಿದರೆ ತಲಾ 3 ರೂಪಾಯಿ ಚಿಲ್ಲರೆ. ಆ ದರಕ್ಕೆ ಯಾರೂ ಅದನ್ನು ವ್ಯಾಪಾರವಾಗಿ ಮಾಡಲಾರರು.

ನಿಯಮ ಬರುವತನಕ ನಿರಾತಂಕದ ದಾರಿ ಸರದಿ. ಈ ವಾರ ನಿಮ್ಮ ಕಾರು, ಮುಂದಿನ ವಾರ ನನ್ನದು. ದುಡ್ಡು ಕೈ ಬದಲಾಗದಿದ್ದರೆ ಬಾಡಿಗೆಯ ಪ್ರಶ್ನೆ ಏಳುವುದಿಲ್ಲ, ತಿಂಗಳ ಕೊನೆಯ ಲೆಕ್ಕದ ಮುಜುಗರವೂ ಇಲ್ಲ.

ವಿಮೆಯ ವಿಷಯದಲ್ಲೂ ಸರದಿಯೇ ಕ್ಷೇಮ. ಖಾಸಗಿ ಕಾರಿನ ಪಾಲಿಸಿಯಲ್ಲಿ ‘ಬಳಕೆಯ ಮಿತಿಗಳು’ ಎಂಬ ತಲೆಬರಹದ ಕೆಳಗೆ ಒಂದು ಸಣ್ಣಕ್ಷರದ ಸಾಲಿದೆ: ಬಾಡಿಗೆ ಅಥವಾ ಪ್ರತಿಫಲಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ. ಅಪಘಾತವಾದಾಗ ಕಂಪನಿ ಹಿಡಿದುಕೊಳ್ಳುವುದು ಆ ಸಾಲನ್ನೇ, ಆ್ಯಪ್‌ನಲ್ಲಿ ಬಂದ ಹಣ ಅದಕ್ಕೆ ಸಾಕ್ಷಿಯಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಕಾರಿಗಂತೂ ಯಾರನ್ನೂ ಹತ್ತಿಸಿಕೊಳ್ಳಬಾರದು. ಕಾರಿನೊಳಗೆ ಕೂತವರಿಗೆ ಅದರಿಂದ ಪರಿಹಾರ ಸಿಗುವುದಿಲ್ಲ. ಪ್ಯಾಕೇಜ್ (ಕಾಂಪ್ರೆಹೆನ್ಸಿವ್) ಪಾಲಿಸಿ ಇರಬೇಕು, ಜೊತೆಗೆ ಹೆಸರಿಸದ ಪ್ರಯಾಣಿಕರ ಅಪಘಾತ ವಿಮೆಯನ್ನು ಸೇರಿಸಿಕೊಂಡಿರಬೇಕು. ಗುಂಪು ಶುರುಮಾಡುವ ಮೊದಲು ಪ್ರತಿ ಕಾರಿನ ಪಾಲಿಸಿಯ ಈ ಎರಡು ಪುಟಗಳನ್ನು ಎಲ್ಲರೂ ನೋಡುವುದು ಸಂಕೋಚದ ವಿಷಯವಲ್ಲ.

ಪಾರ್ಕಿಂಗ್ ಎಂಬ ಕೀಲಿ

ಬೆಂಗಳೂರಿನ ಕಟ್ಟಡ ನಿಯಮದಂತೆ ಕಚೇರಿ ಕಟ್ಟಡಕ್ಕೆ ಸುಮಾರು 50 ಚದರ ಮೀಟರಿಗೆ ಒಂದು ಕಾರಿನ ಜಾಗ ಬಿಡಬೇಕು. ಓಡಾಡುವ ದಾರಿ, ರ‍್ಯಾಂಪ್ ಎಲ್ಲ ಸೇರಿದರೆ ಒಂದು ಕಾರು ತಿನ್ನುವ ಜಾಗ 25ರಿಂದ 30 ಚದರ ಮೀಟರ್. ಐದಾರು ಜನ ಕೂತು ಕೆಲಸ ಮಾಡುವ ಜಾಗಕ್ಕೆ ಅದರ ಅರ್ಧ ಅಥವಾ ಅದಕ್ಕೂ ಹೆಚ್ಚು ಜಾಗವನ್ನು ಒಂದು ಕಾರು ದಿನವಿಡೀ ಸುಮ್ಮನೆ ನಿಲ್ಲಲು ಕೊಟ್ಟ ಹಾಗೆ. ಅದರ ಖರ್ಚು ಕಂಪನಿಯ ಬಾಡಿಗೆಯಲ್ಲಿ ಸೇರಿದೆ, ಕಾರು ತರುವವರಿಗೆ ಕಾಣುವುದಿಲ್ಲ. ಬಸ್ಸಿನಲ್ಲಿ ಬರುವ ಸಹೋದ್ಯೋಗಿಗೆ ಆ ಸವಲತ್ತಿನಲ್ಲಿ ಚಿಕ್ಕಾಸೂ ಇಲ್ಲ. ಇದು ನ್ಯಾಯವಲ್ಲ, ರಸ್ತೆಗೂ ಒಳ್ಳೆಯದಲ್ಲ.

ಇಲ್ಲಿ ಕೈ ಹಾಕುವುದು ಸುಲಭ. ಗೇಟಿನಲ್ಲಿ ಸೆಕ್ಯೂರಿಟಿಯವರು ಈಗಾಗಲೇ ಪ್ರತಿ ಕಾರನ್ನೂ ನಿಲ್ಲಿಸಿ ಗುರುತಿನ ಚೀಟಿ ನೋಡುತ್ತಾರೆ. ತಲೆ ಎಣಿಸಲು ಹೊಸ ಯಂತ್ರ ಬೇಡ, ಜಾಕಿಗಳಿಗೆ ಗುರುತಿನ ಚೀಟಿ ಇರುವುದಿಲ್ಲ. ಲಿಫ್ಟಿನ ಹತ್ತಿರದ ಜಾಗಗಳನ್ನು ಹತ್ತು ಗಂಟೆಯವರೆಗೆ ಮೂವರಿರುವ ಕಾರಿಗೆ ಕಾಯ್ದಿರಿಸಿ. ಒಬ್ಬರೇ ಬಂದ ಕಾರಿಗೆ ತಿಂಗಳ ಪಾಸು ಕೊಡದೆ ದಿನದ ಲೆಕ್ಕದಲ್ಲಿ ಶುಲ್ಕ ತೆಗೆದುಕೊಳ್ಳಿ. ತಿಂಗಳ ಪಾಸು ಇದ್ದರೆ ‘ಹೇಗೂ ಕಟ್ಟಿದ್ದೇನಲ್ಲ’ ಎಂದು ದಿನವೂ ಕಾರು ತರುತ್ತಾರೆ, ದಿನದ ಶುಲ್ಕವಾದರೆ ಪ್ರತಿ ಬೆಳಿಗ್ಗೆ ಒಮ್ಮೆ ಯೋಚಿಸುತ್ತಾರೆ. ಬಂದ ದುಡ್ಡನ್ನು ಕಾರು ತರದವರ ಬಸ್ಸು, ಮೆಟ್ರೊ ಭತ್ಯೆಗೆ ಹಾಕಿ. ಕಾರು ತರದವರಿಗೆ ಪಾರ್ಕಿಂಗಿನ ಬೆಲೆಯನ್ನು ನಗದಾಗಿ ಕೊಡುವ ಕಾನೂನನ್ನು ಅಮೆರಿಕದ ಕ್ಯಾಲಿಫೋರ್ನಿಯಾ 1992ರಲ್ಲೇ ಮಾಡಿತ್ತು.

ಒಂದು ಎಚ್ಚರಿಕೆ ಬೇಕು. ಒಳಗೆ ಶುಲ್ಕ ಹಾಕಿ ಹೊರಗಿನ ಸರ್ವಿಸ್ ರಸ್ತೆಯನ್ನು ಹಾಗೇ ಬಿಟ್ಟರೆ ಕಾರುಗಳೆಲ್ಲ ಅಲ್ಲಿಗೆ ಬಂದು ನಿಲ್ಲುತ್ತವೆ, ಜಾಮ್ ಮೊದಲಿಗಿಂತ ಕೆಡುತ್ತದೆ. ಟೋಯಿಂಗ್ ಮತ್ತು ಗೇಟಿನ ಶುಲ್ಕ ಒಂದೇ ದಿನ ಶುರುವಾಗಬೇಕು. ಪೊಲೀಸರು ಮತ್ತು ನಗರಪಾಲಿಕೆ ಈ ವಿಷಯದಲ್ಲಿ ಮಾಡಬೇಕಾದ ಕೆಲಸ ಅಷ್ಟೇ, ಆದರೆ ಅದನ್ನು ಬಿಡುವಂತಿಲ್ಲ.

ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಮೆಟ್ರೊ ನೀಲಿ ಮಾರ್ಗ ಓಡಲು ಶುರುವಾದ ಮೇಲೆ ಕಾರ್‌ಪೂಲಿನ ದೂರ ಬದಲಾಗುತ್ತದೆ. 2023ರಲ್ಲಿ ವೈಟ್‌ಫೀಲ್ಡಿನವರೆಗೆ ಪೂರ್ತಿಯಾದ ನೇರಳೆ ಮಾರ್ಗ ಕೆ.ಆರ್. ಪುರದಲ್ಲೂ, 2025ರ ಆಗಸ್ಟಿನಲ್ಲಿ ತೆರೆದ ಹಳದಿ ಮಾರ್ಗ ಸಿಲ್ಕ್ ಬೋರ್ಡಿನಲ್ಲೂ ಅದಕ್ಕೆ ಜೋಡಿಯಾಗುತ್ತವೆ. ಆಗ 18 ಕಿ.ಮೀ. ಕಾರಿನಲ್ಲಿ ಒಟ್ಟಿಗೆ ಹೋಗುವ ಅಗತ್ಯ ಬಹಳ ಜನಕ್ಕೆ ಇರುವುದಿಲ್ಲ. ಹರಳೂರು, ಕಸವನಹಳ್ಳಿ, ಪಣತ್ತೂರಿನ ಅಪಾರ್ಟ್‌ಮೆಂಟುಗಳಿಂದ ನಿಲ್ದಾಣಕ್ಕೆ ಮೂರು-ನಾಲ್ಕು ಕಿ.ಮೀ. ಮಾತ್ರ ಬಾಕಿ. ಅಷ್ಟು ದೂರಕ್ಕೆ ಒಂದೇ ಗೇಟಿನಿಂದ ಒಂದೇ ನಿಲ್ದಾಣಕ್ಕೆ ಜನ ಸಿಗುವುದು ಕಷ್ಟವಲ್ಲ, ಸಂಜೆ ರೈಲು ಇಳಿದವರೆಲ್ಲ ಒಂದೇ ಜಾಗದಲ್ಲಿ ಇರುತ್ತಾರೆ. ಬಿಎಂಟಿಸಿ ಫೀಡರ್ ಬಸ್ಸು ಹೋಗಲಾರದ ಇಕ್ಕಟ್ಟಿನ ಒಳರಸ್ತೆಗಳಲ್ಲಿ ಈ ಚಿಕ್ಕ ಕಾರ್‌ಪೂಲಿಗೆ ದೊಡ್ಡದಕ್ಕಿಂತ ಹೆಚ್ಚು ಭವಿಷ್ಯವಿದೆ.

ಅಲ್ಲಿಯವರೆಗೆ ಪ್ರತಿ ಟೆಕ್ ಪಾರ್ಕು ಒಂದೇ ಒಂದು ಅಂಕಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ: ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಒಳಬಂದ ಕಾರುಗಳೆಷ್ಟು, ಅವುಗಳಲ್ಲಿ ಬಂದ ಜನ ಎಷ್ಟು. ಕಾರಿಗೆ ಸರಾಸರಿ 1.3 ಇದ್ದದ್ದು 1.6ಕ್ಕೆ ಏರಿದರೆ, ಅಷ್ಟೇ ಜನಕ್ಕೆ 100 ಕಾರಿನ ಬದಲು 81 ಸಾಕಾಗುತ್ತದೆ. ಅದರ ಪಕ್ಕದಲ್ಲೇ ಬಸ್ಸಿನಲ್ಲಿ ಬಂದವರ ಸಂಖ್ಯೆಯನ್ನೂ ಬರೆಯಬೇಕು. ಅದು ಇಳಿದು ಇದು ಏರಿದ್ದರೆ ಯೋಜನೆಯನ್ನು ತಿದ್ದಬೇಕು. ಮೂರು ತಿಂಗಳಾದರೂ ಅಂಕಿ ಅಲುಗದಿದ್ದರೆ ಪೋಸ್ಟರ್ ಬದಲಿಸುವುದು ಬೇಡ, ದಿನದ ಪಾರ್ಕಿಂಗ್ ಶುಲ್ಕವನ್ನು ಏರಿಸಿ.